ಕ್ವಾಂಟೈಲ್ ದಕ್ಷತಾ ಗಡಿಯ ಮೇಲೂ ಬಿಂದುಗಳಿವೆ: ನನ್ನ ನಕ್ಷೆ ತಪ್ಪೇ?

ಪ್ರಶ್ನೆ: ಉತ್ಪಾದನಾ ದಕ್ಷತೆಯ ಕುರಿತು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೇನೆ. 160 ಘಟಕಗಳ ಮಾಹಿತಿ ಇದೆ. ಪ್ರತಿಯೊಂದಕ್ಕೂ ಒಂದು ಹೂಡುವಳಿ (ದುಡಿಮೆಯ ಗಂಟೆಗಳು), ಒಂದು ಹುಟ್ಟುವಳಿ (ತಯಾರಾದ ಸರಕಿನ ಪ್ರಮಾಣ). ಡಿಇಎ (ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್) ವಿಧಾನದಲ್ಲಿ ಗಡಿ, ಅಂದರೆ ಇಷ್ಟು ಹೂಡುವಳಿಯಿಂದ ಗರಿಷ್ಠ ಎಷ್ಟು ತಯಾರಿಸಬಹುದು ಎಂದು ತೋರುವ ಗೆರೆ, ಎಳೆದಾಗ ಎರಡೇ ಘಟಕಗಳು ಇಡೀ ಗಡಿಯನ್ನು ನಿರ್ಧರಿಸಿ, ಉಳಿದವೆಲ್ಲ ತೀರಾ ಅದಕ್ಷವೆಂದು ಬಂತು. ಹಾಗಾಗಿ ಆರ್ ತಂತ್ರಾಂಶದಲ್ಲಿ 0.95ರ ಆರ್ಡರ್-ಆಲ್ಫಾ ಕ್ವಾಂಟೈಲ್ ಗಡಿಯನ್ನು ಎಳೆದೆ (ಇಲ್ಲಿ ಆಲ್ಫಾ 0.95; 0.95ರ ಕ್ವಾಂಟೈಲ್ ಎಂದರೆ ಶೇ. 95ರಷ್ಟು ಮೌಲ್ಯಗಳು ಮೀರದ ಮಟ್ಟ). ಈಗ 30ಕ್ಕೂ ಹೆಚ್ಚು ಘಟಕಗಳು ಗಡಿಗಿಂತ ಮೇಲಿವೆ; ಶೇ. 5 ಎಂದರೆ 8 ಇರಬೇಕಿತ್ತಲ್ಲವೇ? ಗೆರೆ ಒಂದೆರಡು ಕಡೆ ಕೆಳಗೂ ಇಳಿಯುತ್ತದೆ. ನಾನೇ ಬರೆದ ಕೋಡಿನ ದಕ್ಷತಾ ಅಂಕಗಳಿಗೂ (ಘಟಕದ ಹುಟ್ಟುವಳಿಗೂ ಗಡಿಗೂ ಇರುವ ಅನುಪಾತ) ಪ್ಯಾಕೇಜಿನ ಅಂಕಗಳಿಗೂ ತಾಳೆಯಾಗುತ್ತಿಲ್ಲ. ಗಡಿಯ ಆಚೆ ಯಾವ ಬಿಂದುವೂ ಇರಕೂಡದು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಕ್ವಾಂಟೈಲ್ ರಿಗ್ರೆಶನ್ ಬಳಸಿ ನಯವಾದ ಗೆರೆ ಎಳೆಯಿರಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮುಂದೆ ಬಂಡವಾಳವನ್ನೂ ಹೂಡುವಳಿಯಾಗಿ ಸೇರಿಸಬೇಕಿದೆ. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಆತಂಕದ ತಿರುಳು ಇಷ್ಟು: ಬಿಂದುಗಳು ದಾಟಿಹೋಗುವ, ಅಲ್ಲಲ್ಲಿ ಇಳಿಯುವ ಗೆರೆಯನ್ನು ಗಡಿ ಎಂದು ಕರೆಯಬಹುದೇ, ಇಲ್ಲವೇ ನಿಮ್ಮ ಲೆಕ್ಕದಲ್ಲೇ ದೋಷವಿದೆಯೇ ಎಂಬುದು. ನೀವು ವರ್ಣಿಸಿರುವ ಲಕ್ಷಣಗಳಲ್ಲಿ ಮೊದಲ ಎರಡು ದೋಷಗಳಲ್ಲ, ವಿಧಾನದ ಸಹಜ ಗುಣಗಳು. ಅಂಕಗಳು ತಾಳೆಯಾಗದಿರುವುದಕ್ಕೆ ಮಾತ್ರ ಸಣ್ಣದೊಂದು ತಾಂತ್ರಿಕ ಕಾರಣ ಇರುವ ಸಂಭವ ಹೆಚ್ಚು. ಅದಕ್ಕೆ ಆಮೇಲೆ ಬರುತ್ತೇನೆ.

ಮಾರ್ಗದರ್ಶಕರ ಮಾತು ಒಂದು ಸಂಪ್ರದಾಯದೊಳಗೆ ಪೂರ್ತಿ ಸರಿ. 1957ರಲ್ಲಿ ಫ್ಯಾರೆಲ್ ದಕ್ಷತೆಯನ್ನು ಅಳೆಯುವ ಚೌಕಟ್ಟು ಕೊಟ್ಟಾಗಿನಿಂದ, 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ರೂಪಿಸಿದ ಡಿಇಎ, 1984ರಲ್ಲಿ ಡೆಪ್ರಾಂ, ಸಿಮಾರ್ ಮತ್ತು ಟುಲ್ಕೆನ್ಸ್ ಮುಂದಿಟ್ಟ ಎಫ್‌ಡಿಎಚ್ (ಫ್ರೀ ಡಿಸ್ಪೋಸಲ್ ಹಲ್) ಇವೆರಡೂ ಎಲ್ಲ ಬಿಂದುಗಳನ್ನು ಒಳಗೊಳ್ಳುವ ಹೊದಿಕೆಯನ್ನೇ ಗಡಿ ಎನ್ನುತ್ತವೆ. ಹಾಗೆ ಹೊದಿಸಿದಾಗ ಗಡಿಯ ಎತ್ತರವನ್ನು ನಿರ್ಧರಿಸುವುದು ಅತ್ಯಂತ ಮೇಲಿನ ಕೆಲವೇ ಬಿಂದುಗಳು. ಅವುಗಳಲ್ಲಿ ಒಂದರ ಅಂಕಿ ತಪ್ಪಾಗಿ ದಾಖಲಾಗಿದ್ದರೂ ಉಳಿದೆಲ್ಲ ಘಟಕಗಳ ಅಂಕ ಕುಸಿಯುತ್ತದೆ. ನಿಮ್ಮ ಡಿಇಎ ನಕ್ಷೆಯಲ್ಲಿ ಆದದ್ದು ಇದೇ. ಈ ದೌರ್ಬಲ್ಯವನ್ನು ಕಂಡೇ 2002ರಲ್ಲಿ ಕಜಾಲ್ಸ್, ಫ್ಲೋರೆನ್ಸ್ ಮತ್ತು ಸಿಮಾರ್ ಆರ್ಡರ್-ಎಂ ಗಡಿಯನ್ನೂ, 2005ರಲ್ಲಿ ಅರಗಾನ್, ದವಿಯಾ ಮತ್ತು ತೋಮಾ-ಆನ್ಯಾ ಆರ್ಡರ್-ಆಲ್ಫಾ ಗಡಿಯನ್ನೂ ಪ್ರಸ್ತಾಪಿಸಿದರು. ಇವು ಆಂಶಿಕ ಗಡಿಗಳು. ಎಲ್ಲವನ್ನೂ ಹೊದಿಸುವ ಹಟವನ್ನು ಇವು ಬೇಕೆಂದೇ ಬಿಟ್ಟುಕೊಟ್ಟಿವೆ. ಆದ್ದರಿಂದ ಕೆಲವು ಬಿಂದುಗಳು ಆಚೆ ಉಳಿಯುವುದು ಇವುಗಳ ಉದ್ದೇಶವೇ ಹೊರತು ಅಪಘಾತವಲ್ಲ.

ಆದರೆ 8ರ ಬದಲು 30ಕ್ಕೂ ಹೆಚ್ಚು ಏಕೆ? ನಾನು ಪರಿಶೀಲಿಸುವ ಪ್ರಬಂಧಗಳಲ್ಲಿ ಅತಿ ಹೆಚ್ಚಾಗಿ ಕಾಣುವ ತಪ್ಪು ಗ್ರಹಿಕೆ ಇಲ್ಲಿಯದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಹುಟ್ಟುವಳಿಯ ದಿಕ್ಕಿನಲ್ಲಿ ಎಳೆದ 0.95ರ ಗಡಿ ಪ್ರತಿ ಹೂಡುವಳಿ ಮಟ್ಟದಲ್ಲೂ ಒಂದು ನಿರ್ದಿಷ್ಟ ಪ್ರಶ್ನೆ ಕೇಳುತ್ತದೆ: ಇಷ್ಟು ಅಥವಾ ಇದಕ್ಕಿಂತ ಕಡಿಮೆ ಗಂಟೆಗಳನ್ನು ಬಳಸಿದ ಎಲ್ಲ ಘಟಕಗಳನ್ನು ಒಂದು ಗುಂಪಾಗಿ ತೆಗೆದುಕೊಂಡರೆ, ಅವುಗಳಲ್ಲಿ ಶೇ. 5ರಷ್ಟು ಮಾತ್ರ ದಾಟಬಲ್ಲ ಹುಟ್ಟುವಳಿ ಎಷ್ಟು? ಹೋಲಿಕೆಯ ಗುಂಪಿನಲ್ಲಿ ಇರುವುದು ಅಷ್ಟೇ ಗಂಟೆ ಬಳಸಿದವರು ಮಾತ್ರವಲ್ಲ. ಅದಕ್ಕಿಂತ ಕಡಿಮೆ ಬಳಸಿದವರೆಲ್ಲರೂ ಇದ್ದಾರೆ. ನಿಮ್ಮ ನಕ್ಷೆ ತೋರುವ ವಿಚಿತ್ರಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಒಂದು ಕಲ್ಪಿತ ಮಾದರಿಯನ್ನು ಕೋಡಿನಲ್ಲಿ ರಚಿಸಿ ನೋಡಿ. 100 ಘಟಕಗಳು, ಮೊದಲನೆಯದು 1 ಗಂಟೆ ದುಡಿದು 1 ಸರಕು ತಯಾರಿಸುತ್ತದೆ, ಎರಡನೆಯದು 2 ಗಂಟೆಗೆ 2, ಹೀಗೆ ನೂರನೆಯದು 100 ಗಂಟೆಗೆ 100. ಇಲ್ಲಿ ಅದಕ್ಷತೆ ಎಂಬುದೇ ಇಲ್ಲ, ಎಲ್ಲ ಘಟಕಗಳೂ ಒಂದೇ ಸರಳರೇಖೆಯ ಮೇಲಿವೆ. 100 ಗಂಟೆಗಳ ಬಳಿ ಹೋಲಿಕೆಯ ಗುಂಪಿನಲ್ಲಿ ನೂರೂ ಘಟಕಗಳಿರುತ್ತವೆ, ಅವುಗಳ 0.95ರ ಕ್ವಾಂಟೈಲ್ 95. ಆದ್ದರಿಂದ 100 ತಯಾರಿಸಿದ ಘಟಕ ಗಡಿಗಿಂತ ಮೇಲೆ. 60 ಗಂಟೆಗಳ ಬಳಿ ಗಡಿ 57, ಅಲ್ಲಿನ ಘಟಕವೂ ಮೇಲೆ. 20ನೆಯ ಘಟಕದಿಂದ ಕೊನೆಯವರೆಗೆ, ಅಂದರೆ 81 ಘಟಕಗಳು, ಗಡಿಯನ್ನು ದಾಟಿರುತ್ತವೆ. ಶೇ. 5 ಎಂಬುದು ಪ್ರತಿಯೊಂದು ಹೋಲಿಕೆಯ ಗುಂಪಿನೊಳಗಿನ ಪ್ರಮಾಣ. ಇಡೀ ನಕ್ಷೆಯಲ್ಲಿ ಗೆರೆಯ ಮೇಲಿರುವ ಬಿಂದುಗಳ ಪ್ರಮಾಣವಲ್ಲ. ಹೂಡುವಳಿ ಹೆಚ್ಚಿದಂತೆ ಹುಟ್ಟುವಳಿಯೂ ಹೆಚ್ಚುವ ಯಾವ ಮಾಹಿತಿಯಲ್ಲಾದರೂ ಗೆರೆಯ ಮೇಲಿನ ಬಿಂದುಗಳು ಶೇ. 5ನ್ನು ಮೀರುವುದು ನಿರೀಕ್ಷಿತವೇ. ನಿಮ್ಮ 30 ಘಟಕಗಳಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ.

ಇದೇ ಮಾದರಿ ಇನ್ನೊಂದು ಸೂಕ್ಷ್ಮವನ್ನೂ ಬಯಲು ಮಾಡುತ್ತದೆ, ಅದನ್ನು ನೀವು ಪ್ರಬಂಧದಲ್ಲಿ ಬರೆಯಲೇಬೇಕೆಂದು ನನ್ನ ಅಭಿಪ್ರಾಯ. ಹುಟ್ಟುವಳಿಯ ದಿಕ್ಕಿನಲ್ಲಿ ಅಳೆದಾಗ ಸಣ್ಣ ಘಟಕಗಳು ಸರಿಯಾಗಿ ಗಡಿರೇಖೆಯಲ್ಲೇ ಕೂತು 1 ಅಂಕ ಪಡೆದರೆ, ದೊಡ್ಡ ಘಟಕಗಳು ತಮಗಿಂತ ಸಣ್ಣ ಘಟಕಗಳ ದೊಡ್ಡ ಗುಂಪಿನೊಡನೆ ಹೋಲಿಕೆಗೊಂಡು ಗಡಿಯನ್ನು ಸುಲಭವಾಗಿ ದಾಟುತ್ತವೆ. ದಕ್ಷತೆಯಲ್ಲಿ ಯಾವ ವ್ಯತ್ಯಾಸ ಇಲ್ಲದಿದ್ದರೂ ಅಂಕಕ್ಕೂ ಘಟಕದ ಗಾತ್ರಕ್ಕೂ ಹೀಗೆ ಯಾಂತ್ರಿಕವಾದ ಒಂದು ನಂಟು ಬೆಳೆಯುತ್ತದೆ. "ದೊಡ್ಡ ಘಟಕಗಳು ಹೆಚ್ಚು ದಕ್ಷ" ಎಂಬ ತೀರ್ಮಾನಕ್ಕೆ ಈ ಅಂಕಗಳ ಬಲದಿಂದ ಮಾತ್ರ ಬರುವುದು ಅಪಾಯಕಾರಿ. ಹೂಡುವಳಿಯ ದಿಕ್ಕಿನಲ್ಲಿ ಅಳೆದರೆ ಚಿತ್ರ ತಿರುವುಮುರುವಾಗುತ್ತದೆ: ಅಲ್ಲಿ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ತಯಾರಿಸಿದವರು ಹೋಲಿಕೆಯ ಗುಂಪು, ಆದ್ದರಿಂದ ಸಡಿಲಿಕೆ ಸಿಗುವುದು ಸಣ್ಣ ಘಟಕಗಳಿಗೆ. ಎರಡೂ ದಿಕ್ಕುಗಳ ಗಡಿಗಳನ್ನು ಒಂದೇ ನಕ್ಷೆಯಲ್ಲಿ ಎಳೆದರೆ ಅವು ಎರಡು ಬೇರೆ ಗೆರೆಗಳಾಗಿರುತ್ತವೆ. ಹೊದಿಕೆಯ ಗಡಿಗಳಂತೆ ಒಂದರ ಮೇಲೊಂದು ಕೂರುವುದಿಲ್ಲ. 2008ರಲ್ಲಿ ವೀಲಾಕ್ ಮತ್ತು ವಿಲ್ಸನ್ ರೂಪಿಸಿದ ಹೈಪರ್ಬೋಲಿಕ್ ಕ್ವಾಂಟೈಲ್ ಗಡಿ ಹೂಡುವಳಿಯನ್ನು ತಗ್ಗಿಸುತ್ತ, ಅದೇ ಗುಣಾಂಕದಿಂದ ಹುಟ್ಟುವಳಿಯನ್ನು ಹೆಚ್ಚಿಸುತ್ತ ಸಾಗುತ್ತದೆ. ಕಡಿಮೆ ಬಳಸಿ ಹೆಚ್ಚು ತಯಾರಿಸುವವರು ಇಡೀ ಮಾದರಿಯಲ್ಲಿ ಎಷ್ಟು ಪಾಲು ಇದ್ದಾರೆ ಎಂಬುದರಿಂದ ಗಡಿ ನಿರ್ಧಾರವಾಗುವುದರಿಂದ ದಿಕ್ಕಿನ ಈ ಪಕ್ಷಪಾತ ಅಲ್ಲಿ ಬಹಳ ಮಟ್ಟಿಗೆ ತಗ್ಗುತ್ತದೆ. ಗಾತ್ರ ಮತ್ತು ದಕ್ಷತೆಯ ಸಂಬಂಧವೇ ನಿಮ್ಮ ಪ್ರಬಂಧದ ಮುಖ್ಯ ವಿಷಯವಾಗಿದ್ದರೆ ಆ ದಾರಿಯನ್ನು ಗಂಭೀರವಾಗಿ ಪರಿಗಣಿಸಿ.

ಇನ್ನು ಗೆರೆ ಇಳಿಯುವ ಸಂಗತಿ. ಹೋಲಿಕೆಯ ಗುಂಪಿನಲ್ಲಿ 40 ಘಟಕಗಳಿದ್ದಾಗ 0.95ರ ಕ್ವಾಂಟೈಲ್ ಎಂದರೆ ಕೆಳಗಿನಿಂದ 38ನೆಯ, ಮೇಲಿನಿಂದ ಮೂರನೆಯ ಹುಟ್ಟುವಳಿ. ಬಲಕ್ಕೆ ಸರಿದಂತೆ ಗುಂಪಿಗೆ ಇನ್ನೂ 20 ಘಟಕಗಳು ಸೇರಿ, ಅವೆಲ್ಲ ಕಡಿಮೆ ತಯಾರಿಸುವವೇ ಆಗಿದ್ದರೆ, 60ರಲ್ಲಿ 57ನೆಯದು, ಅಂದರೆ ಮೇಲಿನಿಂದ ನಾಲ್ಕನೆಯದು ಗಡಿಯಾಗುತ್ತದೆ. ಹೆಚ್ಚು ಹೂಡಿದರೂ ಗೆರೆ ಒಂದು ಮೆಟ್ಟಿಲು ಇಳಿಯಿತು. ಸೈದ್ಧಾಂತಿಕ ಗಡಿ ಇಳಿಯದಿರಲು ಒಂದು ಷರತ್ತು ಬೇಕು: ಹೂಡುವಳಿ ಹೆಚ್ಚಿದಂತೆ ಹೆಚ್ಚಿನ ಹುಟ್ಟುವಳಿಯ ಸಂಭಾವ್ಯತೆ ಕುಗ್ಗಬಾರದು. ಆ ಷರತ್ತು ವಾಸ್ತವದಲ್ಲಿ ನಿಜವಾಗಿದ್ದರೂ ಕೈಯಲ್ಲಿರುವ 160 ಬಿಂದುಗಳ ಅಂದಾಜಿನಲ್ಲಿ ಅಲ್ಲಲ್ಲಿ ಮುರಿಯಬಹುದು.

ಇದನ್ನು ಸರಿಪಡಿಸಲು ಹಲವರು ಹಿಡಿಯುವ ಸುಲಭದ ದಾರಿ ಎಂದರೆ ಎಡದಿಂದ ಬಲಕ್ಕೆ ಈವರೆಗಿನ ಗರಿಷ್ಠ ಮೌಲ್ಯವನ್ನು ಉಳಿಸಿಕೊಂಡು ಹೋಗುವುದು. ಗೆರೆ ಖಂಡಿತ ಇಳಿಯುವುದಿಲ್ಲ. ಆದರೆ ಇದರಲ್ಲಿ ಹೆಚ್ಚಿನವರು ಗಮನಿಸದ ಅಪಾಯವೊಂದಿದೆ. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಘಟಕಗಳಿರುವ ತನಕ 0.95ರ ಕ್ವಾಂಟೈಲ್ ಮತ್ತು ಗರಿಷ್ಠ ಮೌಲ್ಯ ಒಂದೇ; 19 ಘಟಕಗಳಲ್ಲಿ 0.95 ಎಂದರೆ 18.05, ಅದನ್ನು ಮೇಲಕ್ಕೆ ಪೂರ್ಣಾಂಕ ಮಾಡಿದರೆ 19ನೆಯದು, ಅಂದರೆ ಗರಿಷ್ಠವೇ. ನಿಮ್ಮ ನಕ್ಷೆಯ ಎಡ ತುದಿಯ 19 ಘಟಕಗಳ ಭಾಗದಲ್ಲಿ ಆಲ್ಫಾ ಗಡಿಯೂ ಎಫ್‌ಡಿಎಚ್ ಗಡಿಯೂ ಒಂದೇ ಆಗಿರುತ್ತವೆ, ಅಲ್ಲಿ ಅಸಹಜ ಬಿಂದುಗಳಿಂದ ಯಾವ ರಕ್ಷಣೆಯೂ ಇಲ್ಲ. ಆ ಭಾಗದಲ್ಲಿ ಒಂದು ತಪ್ಪು ಅಂಕಿ ಇದ್ದರೆ, ಗರಿಷ್ಠವನ್ನು ಉಳಿಸಿಕೊಂಡು ಹೋಗುವ ವಿಧಾನ ಆ ತಪ್ಪನ್ನು ಬಲ ತುದಿಯವರೆಗೂ ಹೊತ್ತೊಯ್ಯುತ್ತದೆ. ಯಾವ ರೋಗಕ್ಕೆ ಔಷಧ ಹುಡುಕಿ ಹೊರಟಿರೋ ಅದೇ ರೋಗ ಮರಳಿ ಬರುತ್ತದೆ. ಬಲದಿಂದ ಎಡಕ್ಕೆ ಕನಿಷ್ಠವನ್ನು ಉಳಿಸಿಕೊಂಡು ಬರುವ ಗೆರೆಯನ್ನೂ ಲೆಕ್ಕಹಾಕಿ ಎರಡರ ಸರಾಸರಿ ತೆಗೆಯುವುದು ಇದಕ್ಕಿಂತ ವಿವೇಕದ ದಾರಿ. ನನ್ನ ರೂಢಿಯಂತೂ ತಿದ್ದದ ಗೆರೆಯನ್ನೇ ಮುಖ್ಯ ನಕ್ಷೆಯಲ್ಲಿ ಇಟ್ಟು, ಏರುಗತಿಗೆ ತಿದ್ದಿದ ಗೆರೆಯನ್ನು ತೆಳು ಬಣ್ಣದಲ್ಲಿ ಜೊತೆಗೆ ತೋರಿಸುವುದು. ಓದುಗರಿಗೆ ಎಲ್ಲಿ ತಿದ್ದುಪಡಿ ನಡೆದಿದೆ ಎಂದು ಕಾಣಬೇಕು.

ಎಡ ತುದಿಯ ಈ ಮಿತಿ ಆಲ್ಫಾ ಆಯ್ಕೆಗೂ ಸಂಬಂಧಿಸಿದ್ದು. 0.99 ಆಯ್ದರೆ ಗುಂಪು 100 ಮುಟ್ಟುವವರೆಗೂ ಗಡಿ ಎಫ್‌ಡಿಎಚ್‌ಗೆ ಅಂಟಿಕೊಂಡೇ ಇರುತ್ತದೆ. ನಿಮ್ಮ 160ರಲ್ಲಿ ಬಹುಪಾಲು ನಕ್ಷೆ ಅದೇ ಆಯಿತು. ಎನ್‌ಪಿಬಿಆರ್ ಎಂಬ ಆರ್ ಪ್ಯಾಕೇಜಿನ ಜೊತೆಗೆ ಬರುವ ಉದಾಹರಣೆಗಳಲ್ಲಿ 37 ಯುರೋಪಿಯನ್ ವಾಯುಸಂಚಾರ ನಿಯಂತ್ರಣ ಸಂಸ್ಥೆಗಳ ಮಾಹಿತಿಯೂ, 123 ಅಮೆರಿಕನ್ ವಿದ್ಯುತ್ ಕಂಪನಿಗಳ ಮಾಹಿತಿಯೂ ಇವೆ. ಅವುಗಳ ಮೇಲೆ 0.90, 0.95, 0.99ರ ಗೆರೆಗಳನ್ನು ಎಳೆದು ನೋಡಿ: 37ರ ಮಾದರಿಯಲ್ಲಿ 0.99ರ ಗೆರೆ ಆದಿಯಿಂದ ಅಂತ್ಯದವರೆಗೂ ಎಫ್‌ಡಿಎಚ್ ಆಗಿರುವುದು ಕಣ್ಣಿಗೆ ಬೀಳುತ್ತದೆ. 0.95 ಎಂಬುದು ಶಾಸ್ತ್ರೋಕ್ತ ಸಂಖ್ಯೆಯಲ್ಲ, ಬರಿಯ ವಾಡಿಕೆ. ಆಲ್ಫಾವನ್ನು 0.80ರಿಂದ 1ರವರೆಗೆ ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಮಟ್ಟದಲ್ಲೂ ಗಡಿಯ ಮೇಲೆ ಉಳಿಯುವ ಘಟಕಗಳ ಪಾಲನ್ನು ಇನ್ನೊಂದು ನಕ್ಷೆಯಲ್ಲಿ ಗುರುತಿಸಿ. ಆಲ್ಫಾ 1ಕ್ಕೆ ತೀರಾ ಹತ್ತಿರ ಬಂದಾಗಲೂ ಗೆರೆಯಿಂದ ಬಹುದೂರ ಮೇಲೆಯೇ ನಿಲ್ಲುವ ಘಟಕಗಳೇ ಅಸಹಜವೆಂದು ಶಂಕಿಸಬೇಕಾದವು. ಅವನ್ನು ಮಾದರಿಯಿಂದ ಕಿತ್ತುಹಾಕುವ ಮೊದಲು ಮೂಲ ದಾಖಲೆ ನೋಡಿ. ಅಂಕಿ ನಿಜವಾಗಿದ್ದರೆ ಹೊಸ ತಂತ್ರಜ್ಞಾನ ಬಳಸುವ ಘಟಕವೊಂದು ನಿಮಗೆ ಸಿಕ್ಕಿರಬಹುದು.

ಕ್ವಾಂಟೈಲ್ ರಿಗ್ರೆಶನ್ ಸಲಹೆಯ ಬಗ್ಗೆ ಹೇಳುವುದಾದರೆ, ಅದು ಕೆಟ್ಟ ವಿಧಾನವಲ್ಲ, ಬೇರೆ ಪ್ರಶ್ನೆಗೆ ಉತ್ತರ. 1978ರಲ್ಲಿ ಕೋಂಕರ್ ಮತ್ತು ಬ್ಯಾಸೆಟ್ ಕೊಟ್ಟ ಈ ವಿಧಾನ ಹೂಡುವಳಿ ನಿಖರವಾಗಿ ಇಷ್ಟೇ ಇದ್ದಾಗ ಹುಟ್ಟುವಳಿಯ ಕ್ವಾಂಟೈಲ್ ಎಷ್ಟು ಎಂದು ಕೇಳುತ್ತದೆ. ಮೇಲಿನ 100 ಘಟಕಗಳ ಮಾದರಿಯಲ್ಲಿ ಅದು ಎಲ್ಲ ಬಿಂದುಗಳ ಮೂಲಕವೇ ಹಾದುಹೋಗುತ್ತದೆ. ಚದುರಿದ ಬಿಂದುಗಳಿರುವ ವಾಸ್ತವ ಮಾಹಿತಿಯಲ್ಲಿ ಈ ವಿಧಾನದ 0.95ರ ಗೆರೆಗಿಂತ ಮೇಲೆ ಸುಮಾರು ಶೇ. 5ರಷ್ಟು ಬಿಂದುಗಳು ಮಾತ್ರ ಇರುತ್ತವೆ ಎಂಬುದು ನಿಜ, ಓದುಗರಿಗೆ ವಿವರಿಸುವುದೂ ಸುಲಭ. ಪ್ರತಿಯಾಗಿ ನೀವು ಗೆರೆಯ ರೂಪವನ್ನು ಮೊದಲೇ ಊಹಿಸಬೇಕು. ಸರಳರೇಖೆಯೋ, ಲಾಗರಿದಮ್ ರೂಪವೋ ಎಂಬ ಆಯ್ಕೆ ಫಲಿತಾಂಶವನ್ನು ಬದಲಿಸುತ್ತದೆ, ಬೇರೆಬೇರೆ ಮಟ್ಟಗಳ ಗೆರೆಗಳು ಒಂದನ್ನೊಂದು ಅಡ್ಡ ಹಾಯಬಹುದು, ಹಲವು ಹುಟ್ಟುವಳಿಗಳಿದ್ದರೆ ವಿಧಾನ ನೇರವಾಗಿ ಒದಗುವುದಿಲ್ಲ. ರೂಪವನ್ನು ಊಹಿಸದೆ, ಏರುಗತಿ ಮತ್ತು ಇಳಿಯುವ ಸೀಮಾಂತ ಫಲ (ಹೂಡುವಳಿ ಏರಿದಂತೆ ಪ್ರತಿ ಹೆಚ್ಚುವರಿ ಹೂಡುವಳಿಗೆ ಸಿಗುವ ಹುಟ್ಟುವಳಿ ಕುಗ್ಗುವುದು) ಎಂಬೆರಡು ನಿರ್ಬಂಧಗಳನ್ನಷ್ಟೇ ಹೇರಿ ಕ್ವಾಂಟೈಲ್ ಅಂದಾಜಿಸುವ ಕಾನ್ವೆಕ್ಸ್ ಕ್ವಾಂಟೈಲ್ ರಿಗ್ರೆಶನ್ ಈಗ ಪೈಥಾನ್‌ನ ಪೈಸ್ಟೋನೆಡ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಇಳಿಯುವ ಸೀಮಾಂತ ಫಲದ ನಿಯಮ ನಿಮ್ಮ ಉತ್ಪಾದನೆಗೆ ಒಪ್ಪುತ್ತದೆ ಎಂಬ ವಿಶ್ವಾಸವಿದ್ದರೆ ಅದು ಒಳ್ಳೆಯ ಆಯ್ಕೆ. ಇಲ್ಲವಾದರೆ ಆರ್ಡರ್-ಆಲ್ಫಾ ಬಿಡಬೇಡಿ. ಎರಡನ್ನೂ ಎಳೆದು, ನೋಡಲು ಚೆಂದವಿರುವುದನ್ನು ಆರಿಸಿ, ಇನ್ನೊಂದರ ವ್ಯಾಖ್ಯೆಯನ್ನು ಅದಕ್ಕೆ ಅಂಟಿಸುವುದನ್ನು ಮಾತ್ರ ಖಂಡಿತ ಮಾಡಬಾರದು.

ಆರ್ಡರ್-ಎಂ ಬಗ್ಗೆ ನೀವು ಕೇಳಿಲ್ಲ, ಆದರೂ ಪರೀಕ್ಷಕರು ಕೇಳುತ್ತಾರೆ. ಹೋಲಿಕೆಯ ಗುಂಪಿನಿಂದ ಎಂ ಘಟಕಗಳನ್ನು ಯಾದೃಚ್ಛಿಕವಾಗಿ ಆಯ್ದರೆ ಅವುಗಳ ಗರಿಷ್ಠ ಹುಟ್ಟುವಳಿಯ ನಿರೀಕ್ಷಿತ ಮೌಲ್ಯವೇ ಆ ಗಡಿ. ಸರಾಸರಿ ಆದ್ದರಿಂದ ಗೆರೆಯ ಏರಿಳಿತಗಳು ಮೃದುವಾಗಿರುತ್ತವೆ. ಸರಾಸರಿ ಆದ್ದರಿಂದಲೇ ಒಂದು ವಿಪರೀತ ಬಿಂದು ಅದನ್ನು ಸ್ವಲ್ಪವಾದರೂ ಮೇಲಕ್ಕೆ ಎಳೆಯುತ್ತದೆ. ಕ್ವಾಂಟೈಲ್ ಗಡಿ, ಗುಂಪು ಸಾಕಷ್ಟು ದೊಡ್ಡದಿದ್ದಲ್ಲಿ, ಆ ಬಿಂದು ಎಷ್ಟು ಎತ್ತರಕ್ಕೆ ಹೋದರೂ ಕದಲುವುದಿಲ್ಲ. ಯಾದೃಚ್ಛಿಕ ಆಯ್ಕೆಯಿಂದ ಲೆಕ್ಕ ಮಾಡುವ ಪ್ಯಾಕೇಜುಗಳಲ್ಲಿ ಪ್ರತಿ ಸಲ ಅಂಕ ತುಸು ಬದಲಾಗುತ್ತದೆ, ಸೀಡ್ (ಯಾದೃಚ್ಛಿಕ ಆಯ್ಕೆಯ ಆರಂಭ ಸಂಖ್ಯೆ) ನಿಗದಿಪಡಿಸುವುದನ್ನು ಮರೆಯಬೇಡಿ.

ಈಗ ನಿಮ್ಮ ಕೋಡು ಮತ್ತು ಪ್ಯಾಕೇಜಿನ ಜಗಳಕ್ಕೆ ಬರೋಣ. ಮೊದಲ ಶಂಕೆ ಆರ್‌ನ ಕ್ವಾಂಟೈಲ್ ಫಂಕ್ಷನ್ ಮೇಲೆ. ಅದರಲ್ಲಿ 9 ಬಗೆಯ ಲೆಕ್ಕಗಳಿವೆ. ಏನನ್ನೂ ಸೂಚಿಸದಿದ್ದರೆ 7ನೆಯ ಬಗೆ ಬಳಕೆಯಾಗುತ್ತದೆ, ಅದು ಎರಡು ಅವಲೋಕನಗಳ ನಡುವಿನ ಮೌಲ್ಯವನ್ನು ಅಂದಾಜಿಸಿ ಕೊಡುತ್ತದೆ. ಆರ್ಡರ್-ಆಲ್ಫಾಗೆ ಬೇಕಾದದ್ದು 1ನೆಯ ಬಗೆ, ಅಂದರೆ ನಿಜವಾದ ಅವಲೋಕನವನ್ನೇ ಮರಳಿಸುವ ಲೆಕ್ಕ. ಪೈಥಾನ್‌ನ ನಂಪೈ ಕೂಡ ಮೂಲತಃ ನಡುವಿನ ಮೌಲ್ಯವನ್ನೇ ಕೊಡುತ್ತದೆ. ಗುಂಪು ಚಿಕ್ಕದಿರುವ ಎಡ ಭಾಗದಲ್ಲಿ ಈ ವ್ಯತ್ಯಾಸ ಗಣನೀಯ. ಎರಡನೆಯ ಶಂಕೆ ದಶಮಾಂಶಗಳ ಮೇಲೆ: ಹೂಡುವಳಿಯ ದಿಕ್ಕಿನ ಲೆಕ್ಕದಲ್ಲಿ 1ರಿಂದ 0.95 ಕಳೆದಾಗ ಕಂಪ್ಯೂಟರ್‌ನಲ್ಲಿ ಬರುವುದು 0.05ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅದನ್ನು ಗುಂಪಿನ ಗಾತ್ರದಿಂದ, ಉದಾಹರಣೆಗೆ 100ರಿಂದ, ಗುಣಿಸಿ ಮೇಲಕ್ಕೆ ಪೂರ್ಣಾಂಕ ಮಾಡಿದರೆ 5ರ ಬದಲು 6 ಬರುತ್ತದೆ. ಪೂರ್ಣಾಂಕ ಮಾಡುವ ಮುನ್ನ ಗುಣಲಬ್ಧವನ್ನು ಎಂಟು ಹತ್ತು ದಶಮಾಂಶ ಸ್ಥಾನಗಳಿಗೆ ತರುವುದು ಒಳ್ಳೆಯದು. ಮೂರನೆಯದು ಅಂಕದ ಸಂಪ್ರದಾಯ: ಗಡಿಯ ಹುಟ್ಟುವಳಿಯನ್ನು ಘಟಕದ ಹುಟ್ಟುವಳಿಯಿಂದ ಭಾಗಿಸುವವರಿದ್ದಾರೆ, ತಿರುಗಿಸಿ ಭಾಗಿಸುವವರೂ ಇದ್ದಾರೆ, ಒಬ್ಬರ 1.25 ಇನ್ನೊಬ್ಬರ 0.80. ಮೊದಲ ಸಂಪ್ರದಾಯದಲ್ಲಿ 1ಕ್ಕಿಂತ ಕಡಿಮೆ ಅಂಕ ಬಂದರೆ ಆ ಘಟಕ ಗಡಿಯನ್ನು ದಾಟಿದೆ ಎಂದರ್ಥ. ನಿಮ್ಮ ಮಾರ್ಗದರ್ಶಕರನ್ನು ಬೆಚ್ಚಿಬೀಳಿಸಿದ ಅಂಕಗಳು ಇವೇ ಇರಬೇಕು.

ನಕ್ಷೆ ಎಳೆಯುವಾಗ ಇದು ಮೆಟ್ಟಿಲಿನ ಫಲನ ಎಂಬುದನ್ನು ನೆನಪಿಡಿ. ಬಿಂದುಗಳನ್ನು ಓರೆ ಗೆರೆಗಳಿಂದ ಸೇರಿಸಿದರೆ ಇಲ್ಲದ ಮಧ್ಯಂತರ ಮೌಲ್ಯಗಳನ್ನು ಸೃಷ್ಟಿಸಿದಂತೆ. ಆರ್‌ನಲ್ಲಿ ಮೆಟ್ಟಿಲು ಬಗೆಯ ಗೆರೆಯನ್ನೇ ಆರಿಸಿ, ಮೌಲ್ಯಮಾಪನದ ಸ್ಥಾನಗಳಲ್ಲಿ ಮಾದರಿಯ ಎಲ್ಲ ಹೂಡುವಳಿ ಮೌಲ್ಯಗಳೂ ಸೇರಿರಲಿ, ಏಕೆಂದರೆ ಗೆರೆ ಜಿಗಿಯುವುದು ಅಲ್ಲಲ್ಲೇ. ಫ್ರಾಂಟೈಲ್ಸ್ ಪ್ಯಾಕೇಜಿನ ಸಿದ್ಧ ಫಂಕ್ಷನ್‌ಗಳಿಂದ ಎಳೆದ ಗೆರೆಯೊಡನೆ ನಿಮ್ಮದನ್ನು ಒಂದರ ಮೇಲೊಂದು ಇಟ್ಟು ನೋಡಿ. ಘಟಕಗಳ ಗಾತ್ರದಲ್ಲಿ ಭಾರಿ ಅಂತರವಿದ್ದರೆ ಎರಡೂ ಅಕ್ಷಗಳನ್ನು ಲಾಗರಿದಮ್ ಮಾಪಕಕ್ಕೆ ತನ್ನಿ. ಆ ಮಾಪಕದಲ್ಲಿ ಸಮಾನ ಲಂಬ ದೂರ ಎಂದರೆ ಸಮಾನ ಅಂಕ, ಕಣ್ಣಳತೆಯಿಂದಲೇ ಅಂಕಗಳನ್ನು ಹೋಲಿಸಬಹುದು. ಹುಟ್ಟುವಳಿಯ ಲಾಗರಿದಮ್ ತೆಗೆದು ಲೆಕ್ಕ ಮಾಡಿದರೂ ಕ್ವಾಂಟೈಲ್ ಗಡಿ ಬದಲಾಗುವುದಿಲ್ಲ, ಆರ್ಡರ್-ಎಂ ಗಡಿ ಬದಲಾಗುತ್ತದೆ. ಗೆರೆಯ ಸುತ್ತ ವಿಶ್ವಾಸ ಪಟ್ಟಿಯನ್ನೂ (ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿ) ತೋರಿಸಿ. ಡಿಇಎ, ಎಫ್‌ಡಿಎಚ್‌ಗಳಲ್ಲಿ ಸಾದಾ ಬೂಟ್‌ಸ್ಟ್ರ್ಯಾಪ್ (ಮಾದರಿಯಿಂದಲೇ ಮತ್ತೆ ಮತ್ತೆ ಆಯ್ದು ಅನಿಶ್ಚಿತತೆ ಅಂದಾಜಿಸುವ ವಿಧಾನ) ನಂಬಲರ್ಹವಲ್ಲ. ಆರ್ಡರ್-ಆಲ್ಫಾದಲ್ಲಿ ಆ ತೊಡಕಿಲ್ಲ, ಆದರೆ ಎಫ್‌ಡಿಎಚ್‌ಗೆ ಅಂಟಿಕೊಂಡ ಎಡ ತುದಿಯಲ್ಲಿ ಅದನ್ನು ನೆಚ್ಚಬೇಡಿ, ಪಟ್ಟಿಯನ್ನು ಅಲ್ಲಿಗೆ ಮೊದಲೇ ನಿಲ್ಲಿಸಿ.

ಬಂಡವಾಳವನ್ನು ಸೇರಿಸಿದಾಗ ಅಂಕದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಗಂಟೆಗಳು ಮತ್ತು ಬಂಡವಾಳ ಎರಡರಲ್ಲೂ ಈ ಘಟಕವನ್ನು ಮೀರದವರೇ ಹೋಲಿಕೆಯ ಗುಂಪಾಗುತ್ತಾರೆ. ಹಲವು ಆಯಾಮಗಳಲ್ಲಿ ಈ ಅಂದಾಜಿಗೆ ಒಂದು ದೊಡ್ಡ ಅನುಕೂಲವೂ ಇದೆ: ಹೂಡುವಳಿ ಹುಟ್ಟುವಳಿಗಳ ಒಟ್ಟು ಸಂಖ್ಯೆ 5 ಆದಾಗ ಎಫ್‌ಡಿಎಚ್‌ನ ದೋಷ ಮಾದರಿ ಗಾತ್ರದ ಐದನೆಯ ಮೂಲದ ವೇಗದಲ್ಲಿ ಮಾತ್ರ ಕುಗ್ಗಿದರೆ, ನಿಗದಿತ ಆಲ್ಫಾದ ಗಡಿಯ ದೋಷ ಆಯಾಮ ಎಷ್ಟಿದ್ದರೂ ವರ್ಗಮೂಲದ ವೇಗದಲ್ಲೇ ಕುಗ್ಗುತ್ತದೆ. ಆದರೆ ಎರಡು ಷರತ್ತುಗಳನ್ನೂ ಪೂರೈಸುವ ಗುಂಪುಗಳು ಚಿಕ್ಕದಾಗುತ್ತವೆ. 20ಕ್ಕಿಂತ ಕಡಿಮೆ ಸದಸ್ಯರ ಗುಂಪು ಪಡೆದ ಘಟಕಗಳು ಈಗ ಎಡ ತುದಿಯಲ್ಲಷ್ಟೇ ಅಲ್ಲ, ಮಾದರಿಯ ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಪ್ರತಿ ಘಟಕದ ಅಂಕದ ಪಕ್ಕದಲ್ಲೇ ಅದರ ಗುಂಪಿನ ಗಾತ್ರವನ್ನೂ ಕೋಷ್ಟಕದಲ್ಲಿ ಕೊಡಿ. ಗಂಟೆಗಳ ಅಕ್ಷವೊಂದನ್ನೇ ಉಳಿಸಿಕೊಂಡು ಹಳೆಯ ನಕ್ಷೆಯ ಮೇಲೆ ಹೊಸ ಗಡಿಯನ್ನು ಎಳೆಯಲು ಹೋಗಬೇಡಿ, ಬಂಡವಾಳ ಬೇರೆಬೇರೆ ಇರುವ ಘಟಕಗಳಿಗೆ ಅಲ್ಲಿ ಒಂದೇ ಗೆರೆ ಇರುವುದಿಲ್ಲ. ಬಂಡವಾಳವನ್ನು ಅದರ ಮಧ್ಯಾಂಕದಲ್ಲಿ ಸ್ಥಿರವಾಗಿಟ್ಟು ಒಂದು ಅಡ್ಡಕೊಯ್ತ ತೋರಿಸಬಹುದು, ಆಗ ನಕ್ಷೆಯ ಅಡಿಬರಹದಲ್ಲಿ ಆ ಮಧ್ಯಾಂಕದ ಮೌಲ್ಯವೂ, ಅದಕ್ಕಿಂತ ಹೆಚ್ಚು ಬಂಡವಾಳದ ಘಟಕಗಳನ್ನು ನಕ್ಷೆಯಿಂದ ಬಿಟ್ಟಿದ್ದೀರಿ ಎಂಬುದೂ ಇರಬೇಕು.